ಹುಟ್ಟುಗುಣ ಯಾರ ಹೊಣೆ?

ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಬಳಸಿದ್ದೇವೆ. ಯಾರ ಬಗ್ಗೆ ಬಳಸುತ್ತೇವೆ ಎಂಬುದನ್ನು ಸ್ವಲ್ಪ ಗಮನಿಸಬೇಕು. ಮಾತು ಕೇಳದ ಹುಡುಗನ ಬಗ್ಗೆ, ಸಣ್ಣ ಮಾತಿಗೂ ಸಿಡುಕುವ ಸೊಸೆಯ ಬಗ್ಗೆ, ಕುಡಿತ ಬಿಡಲಾಗದ ನೆರೆಯವನ ಬಗ್ಗೆ ಹೇಳುತ್ತೇವೆ. ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವುದು ಅಪರೂಪ. ಆ ಗಾದೆ ಬಂದಲ್ಲಿಗೆ ಮಾತು ಮುಗಿಯುತ್ತದೆ. ಅವನು ಹುಟ್ಟಿದ್ದೇ ಹಾಗೆ, ಇನ್ನು ನಾವು ಮಾಡಬೇಕಾದದ್ದೇನೂ ಉಳಿದಿಲ್ಲ ಎಂಬ ನಿರಾಳ ಭಾವ ಅದರಲ್ಲಿದೆ.

ಇದೇ ಮಾತು ಈಗ ವಿಜ್ಞಾನದ ಹೆಸರಿನಲ್ಲೂ ಕೇಳಿಸುತ್ತದೆ. ಕೋಪಕ್ಕೆ ಒಂದು ಜೀನ್, ಖಿನ್ನತೆಗೆ ಒಂದು ಜೀನ್, ಕುಡಿತಕ್ಕೆ ಇನ್ನೊಂದು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಹಿಂದೆ ಹಣೆಬರಹ ಎನ್ನುತ್ತಿದ್ದವರು ಈಗ ವಂಶವಾಹಿ ಎನ್ನುತ್ತಾರೆ. ತೀರ್ಪು ಮಾತ್ರ ಹಳೆಯದೇ.

ವಿಜ್ಞಾನ ನಿಜವಾಗಿಯೂ ಹೀಗೆ ಹೇಳುತ್ತದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಕೋತಿಗಳ ಮೇಲೆ ದಶಕಗಳ ಕಾಲ ನಡೆದ ಸಂಶೋಧನೆಯೊಂದನ್ನು ನೋಡಬಹುದು. ಅದು ಹುಟ್ಟುಗುಣದ ಬಗ್ಗೆ ಹೇಳುವ ಸಂಗತಿ ನಮ್ಮ ಗಾದೆಗಿಂತ ಬೇರೆಯಾಗಿದೆ. ಅದೇ ವೇಳೆ, ಆ ಸಂಶೋಧನೆ ನಡೆದ ರೀತಿಯೇ ನಮ್ಮ ಮುಂದೆ ಇನ್ನೊಂದು ನೈತಿಕ ಪ್ರಶ್ನೆಯನ್ನೂ ಇಡುತ್ತದೆ.

ಇಲ್ಲಿ ಬರುವ ಕೋತಿ ರೀಸಸ್ ಜಾತಿಯದು. ಉತ್ತರ ಭಾರತದ ಊರು, ಕಾಡು, ರೈಲು ನಿಲ್ದಾಣಗಳಲ್ಲೆಲ್ಲ ಕಾಣಸಿಗುವ ಕೆಂಪು ಮುಖದ ಕೋತಿ. 1938ರಲ್ಲಿ ಕ್ಲಾರೆನ್ಸ್ ಕಾರ್ಪೆಂಟರ್ ಎಂಬ ಅಮೆರಿಕನ್ ವಿಜ್ಞಾನಿ ಭಾರತದಿಂದ ಸುಮಾರು 400 ರೀಸಸ್ ಕೋತಿಗಳನ್ನು ಹಡಗಿನಲ್ಲಿ ಒಯ್ದು ಪೋರ್ಟೊ ರಿಕೊದ ಕಾಯೊ ಸಾಂಟಿಯಾಗೊ ಎಂಬ ಪುಟ್ಟ ದ್ವೀಪದಲ್ಲಿ ಬಿಟ್ಟರು. ಅವುಗಳ ಸಂತತಿ ಇಂದಿಗೂ ಅಲ್ಲಿದೆ. ಪೋಲಿಯೊ ಲಸಿಕೆಯ ತಯಾರಿಗೂ ಈ ಕೋತಿಗಳೇ ಬೇಕಾದವು. ಮೊರಾರ್ಜಿ ದೇಸಾಯಿಯವರ ಸರಕಾರ 1978ರಿಂದ ರಫ್ತನ್ನು ನಿಷೇಧಿಸುವ ತನಕ ಅಪಾರ ಸಂಖ್ಯೆಯ ಕೋತಿಗಳು ನಮ್ಮ ದೇಶದಿಂದ ವಿದೇಶದ ಪ್ರಯೋಗಾಲಯಗಳಿಗೆ ಹೋದವು.

ರೀಸಸ್ ಕೋತಿಗಳು ಗುಂಪಿನಲ್ಲಿ ಬಾಳುತ್ತವೆ. ಹೆಣ್ಣುಗಳು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತವೆ, ಗಂಡುಗಳು ಬೆಳೆದಾಗ ಗುಂಪು ಬಿಟ್ಟು ಹೋಗುತ್ತವೆ. ಮೇಲು ಕೀಳಿನ ಶ್ರೇಣಿ ಬಿಗಿಯಾಗಿರುತ್ತದೆ. ಮರಿ ಮೊದಲ ಕೆಲವು ವಾರ ತಾಯಿಯ ಎದೆಗೆ ಅಂಟಿಕೊಂಡೇ ಇರುತ್ತದೆ. ಆಮೇಲೆ ಸ್ವಲ್ಪ ದೂರ ಹೋಗಿ ಲೋಕ ನೋಡುತ್ತದೆ, ಹೆದರಿದಾಗ ಓಡಿ ಬಂದು ಮತ್ತೆ ತಾಯಿಯನ್ನು ಅಪ್ಪಿಕೊಳ್ಳುತ್ತದೆ.

ಈ ಅಪ್ಪುಗೆಯ ಮಹತ್ವವನ್ನು ಪ್ರಯೋಗದ ಮೂಲಕ ತೋರಿಸಿದವರು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೊ. 1950ರ ದಶಕದಲ್ಲಿ ಅವರು ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ ಎರಡು ಬೊಂಬೆಗಳ ಜೊತೆ ಇಟ್ಟರು. ಒಂದು ಬರಿಯ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಲಾಗಿತ್ತು. ಹಾಲಿನ ಬಾಟಲಿ ತಂತಿಯ ಬೊಂಬೆಯಲ್ಲಿದ್ದಾಗಲೂ ಮರಿಗಳು ಹಾಲು ಕುಡಿದು ಮುಗಿಸಿ ಬಟ್ಟೆಯ ಬೊಂಬೆಯನ್ನೇ ತಬ್ಬಿಕೊಂಡು ಕೂರುತ್ತಿದ್ದವು. ಹೊಟ್ಟೆ ತುಂಬಿಸುವವಳೇ ತಾಯಿ ಎಂದು ನಂಬಿದ್ದ ಅಂದಿನ ಮನಶ್ಶಾಸ್ತ್ರಜ್ಞರಿಗೆ ಇದು ಅಚ್ಚರಿಯಾಗಿತ್ತು. ನಮ್ಮ ಅಜ್ಜಿಯಂದಿರಿಗೆ ಆಗುತ್ತಿರಲಿಲ್ಲ.

ಹಾರ್ಲೊ ಅವರ ಶಿಷ್ಯ ಸ್ಟೀಫನ್ ಸುವೊಮಿ ಮುಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಇದೇ ಕೆಲಸವನ್ನು ಮುಂದುವರಿಸಿದರು. ಎಲ್ಲ ಮರಿಗಳ ಸ್ವಭಾವ ಒಂದೇ ಅಲ್ಲ ಎಂಬುದು ಅವರ ಗಮನ ಸೆಳೆಯಿತು. ನೂರರಲ್ಲಿ ಹದಿನೈದರಿಂದ ಇಪ್ಪತ್ತು ಮರಿಗಳು ಹುಟ್ಟಿನಿಂದಲೇ ಅಂಜುಬುರುಕ. ಹೊಸ ವಸ್ತು ಕಂಡರೆ ಹಿಂಜರಿಯುತ್ತವೆ, ತಾಯಿ ಸ್ವಲ್ಪ ಹೊತ್ತು ದೂರವಾದರೂ ಕುಗ್ಗಿಹೋಗುತ್ತವೆ. ಇನ್ನು ಐದರಿಂದ ಹತ್ತು ಮರಿಗಳು ಹಿಂದುಮುಂದು ನೋಡದೆ ಮುನ್ನುಗ್ಗುವಂಥವು. ಆಟವನ್ನು ಜಗಳಕ್ಕೆ ತಿರುಗಿಸುತ್ತವೆ, ತಮಗಿಂತ ಬಲಿಷ್ಠರನ್ನು ಕೆಣಕಿ ಏಟು ತಿನ್ನುತ್ತವೆ.

ಈ ಸ್ವಭಾವಗಳ ಹಿಂದೆ ಇರುವ ಒಂದು ರಾಸಾಯನಿಕದ ಹೆಸರು ಸೆರೊಟೋನಿನ್. ಮೆದುಳಿನಲ್ಲಿ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ವಸ್ತುಗಳಲ್ಲಿ ಇದೂ ಒಂದು. ಮನಸ್ಸಿನ ಏರಿಳಿತ, ನಿದ್ರೆ, ಹಸಿವು, ಆವೇಗವನ್ನು ತಡೆಹಿಡಿಯುವ ಶಕ್ತಿ ಇವೆಲ್ಲದರಲ್ಲೂ ಅದರ ಪಾತ್ರವಿದೆ. ಸಂದೇಶ ತಲುಪಿದ ಮೇಲೆ ಅದನ್ನು ಮರಳಿ ಕೋಶದೊಳಕ್ಕೆ ಸೆಳೆದುಕೊಳ್ಳುವ ಒಂದು ಪ್ರೋಟೀನು ಇದೆ. ಖಿನ್ನತೆಗೆ ವೈದ್ಯರು ಕೊಡುವ ಹಲವು ಮಾತ್ರೆಗಳು ಕೆಲಸ ಮಾಡುವುದು ಈ ಪ್ರೋಟೀನಿನ ಮೇಲೆಯೇ. ಅದನ್ನು ತಯಾರಿಸುವ ಜೀನಿನ ಆರಂಭದ ಭಾಗ ಕೆಲವರಲ್ಲಿ ಉದ್ದ, ಕೆಲವರಲ್ಲಿ ಗಿಡ್ಡ. ಮನುಷ್ಯರಲ್ಲೂ ರೀಸಸ್ ಕೋತಿಗಳಲ್ಲೂ ಈ ವ್ಯತ್ಯಾಸವಿದೆ. ಗಿಡ್ಡ ಪ್ರತಿ ಇದ್ದಲ್ಲಿ ಪ್ರೋಟೀನಿನ ತಯಾರಿ ಕಡಿಮೆ.

ಸೆರೊಟೋನಿನ್ ಒಡೆದಾಗ ಉಳಿಯುವ ಒಂದು ವಸ್ತುವನ್ನು ಮೆದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಅಳೆಯಬಹುದು. ಅದು ಕಡಿಮೆ ಇರುವ ಗಂಡು ಕೋತಿಗಳು ಹೆಚ್ಚು ಜಗಳಕ್ಕಿಳಿಯುತ್ತವೆ, ಎತ್ತರದ ಮರದಿಂದ ಮರಕ್ಕೆ ಅಪಾಯಕಾರಿಯಾಗಿ ಜಿಗಿಯುತ್ತವೆ. ಬಯಲಿನಲ್ಲಿ ಸ್ವತಂತ್ರವಾಗಿದ್ದ ಕೋತಿಗಳನ್ನು ಕೆಲವು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕ್ಕ ಪ್ರಾಯದಲ್ಲೇ ಸಾಯುವವರಲ್ಲಿ ಇಂಥವೇ ಹೆಚ್ಚು ಎಂದು ಕಂಡುಬಂತು. ಅಂದರೆ ಇದು ಬರೀ ಸಿಡುಕು, ಮುಂಗೋಪದ ವಿಷಯವಲ್ಲ. ಆಯುಷ್ಯದ ವಿಷಯ.

ಇಷ್ಟನ್ನೇ ಓದಿ ನಿಲ್ಲಿಸಿದರೆ ನಮ್ಮ ಗಾದೆಯೇ ಗೆದ್ದಂತೆ ಕಾಣುತ್ತದೆ. ಆದರೆ 2002ರಲ್ಲಿ ಪ್ರಕಟವಾದ ಅಧ್ಯಯನದ ಫಲಿತಾಂಶವನ್ನು ನೋಡಿ. ಸುವೊಮಿ ಮತ್ತು ಅವರ ಸಹೋದ್ಯೋಗಿಗಳು ಎರಡು ಬಗೆಯ ಕೋತಿಗಳನ್ನು ಹೋಲಿಸಿದರು. ಕೆಲವು ತಾಯಿಯ ಬಳಿ ಬೆಳೆದವು. ಇನ್ನು ಕೆಲವನ್ನು ಹುಟ್ಟಿದ ಕೂಡಲೇ ತಾಯಿಯಿಂದ ಬೇರ್ಪಡಿಸಿ ಅದೇ ಪ್ರಾಯದ ಮರಿಗಳ ಜೊತೆ ಬೆಳೆಸಲಾಗಿತ್ತು. ತಾಯಿಯಿಲ್ಲದೆ ಬೆಳೆದವುಗಳಲ್ಲಿ ಗಿಡ್ಡ ಪ್ರತಿಯುಳ್ಳ ಕೋತಿಗಳಿಗೆ ಆ ವಸ್ತುವಿನ ಪ್ರಮಾಣ ಉಳಿದವಕ್ಕಿಂತ ಕಡಿಮೆ ಇತ್ತು. ತಾಯಿಯ ಮಡಿಲಲ್ಲಿ ಬೆಳೆದವುಗಳಲ್ಲಿ ಗಿಡ್ಡ ಉದ್ದ ಎಂಬ ವ್ಯತ್ಯಾಸವೇ ಕಾಣಲಿಲ್ಲ. ಜೀನ್ ಅದೇ, ಜಾತಿ ಅದೇ. ತಾಯಿ ಇದ್ದಾಗ ಅದರ ದುಷ್ಪರಿಣಾಮ ತೋರಲೇ ಇಲ್ಲ.

2004ರಲ್ಲಿ ಪ್ರಕಟವಾದ ಅಧ್ಯಯನಗಳೂ ಇದನ್ನೇ ಸೂಚಿಸಿದವು. ಸಂಗಾತಿಗಳಿಂದ ಬೇರ್ಪಡಿಸಿದಾಗ ರಕ್ತದಲ್ಲಿ ಒತ್ತಡದ ಹಾರ್ಮೋನು ಅತಿ ಹೆಚ್ಚು ಏರಿದ್ದು ತಾಯಿಯಿಲ್ಲದೆ ಬೆಳೆದ, ಗಿಡ್ಡ ಪ್ರತಿಯುಳ್ಳ ಕೋತಿಗಳಲ್ಲಿ. ಮದ್ಯ ಬೆರೆಸಿದ ಸಿಹಿ ಪಾನೀಯವನ್ನು ಮುಂದಿಟ್ಟಾಗ ಅದರತ್ತ ಹೆಚ್ಚು ವಾಲಿದ್ದು ಇದೇ ಹಿನ್ನೆಲೆಯ ಹೆಣ್ಣು ಕೋತಿಗಳು. ಇದಕ್ಕೂ ಮುಂಚೆ ಸುವೊಮಿ ಇನ್ನೊಂದು ಪ್ರಯೋಗ ಮಾಡಿದ್ದರು. ಹುಟ್ಟಾ ಅಂಜುಬುರುಕ ಮರಿಗಳನ್ನು ತುಂಬ ಅಕ್ಕರೆಯಿಂದ ಸಾಕುವ ಸಾಕುತಾಯಂದಿರಿಗೆ ಒಪ್ಪಿಸಿದರು. ಆ ಮರಿಗಳು ಬೇಗನೆ ಧೈರ್ಯ ತಂದುಕೊಂಡವು, ಕಷ್ಟ ಬಂದಾಗ ನೆರವು ಪಡೆಯಲು ಕಲಿತವು, ಮುಂದೆ ಗುಂಪಿನಲ್ಲಿ ಮೇಲಿನ ಸ್ಥಾನಕ್ಕೇರಿದವು. ಅವುಗಳ ಸೂಕ್ಷ್ಮತೆ ಶಾಪವಾಗಬಹುದಿತ್ತು. ಒಳ್ಳೆಯ ಮಡಿಲು ಸಿಕ್ಕಿದ್ದರಿಂದ ಅದೇ ಶಕ್ತಿಯಾಯಿತು.

ಇಲ್ಲೊಂದು ಎಚ್ಚರಿಕೆ ಬೇಕು. ಕೋತಿಯ ಕಥೆಯನ್ನು ಹಾಗೆಯೇ ಮನುಷ್ಯನಿಗೆ ಅಂಟಿಸುವಂತಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್ ನಗರದ 847 ಯುವಜನರ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಗಿಡ್ಡ ಪ್ರತಿಯುಳ್ಳವರು ಬದುಕಿನ ಆಘಾತಗಳಿಗೆ ಸಿಕ್ಕಾಗ ಹೆಚ್ಚು ಖಿನ್ನರಾಗುತ್ತಾರೆ ಎಂದು ಅದು ಹೇಳಿತು. ಲೋಕವೆಲ್ಲ ಅದನ್ನು ಕೊಂಡಾಡಿತು. ಆದರೆ 2009ರಲ್ಲಿ 14 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಆ ಸಂಬಂಧ ಸಿಗಲಿಲ್ಲ. 2019ರ ಬೃಹತ್ ವಿಶ್ಲೇಷಣೆಯೂ ಅದನ್ನು ಸಮರ್ಥಿಸಲಿಲ್ಲ. ಬದುಕಿನ ಆಘಾತ ಮನುಷ್ಯನನ್ನು ಕುಗ್ಗಿಸುತ್ತದೆ ಎಂಬುದು ನಿಂತಿತು, ಒಂದು ಜೀನಿನ ಮೇಲೆ ಹೊರಿಸಿದ ಹೊರೆ ನಿಲ್ಲಲಿಲ್ಲ. ಮನುಷ್ಯನ ಸ್ವಭಾವದಲ್ಲಿ ಸಾವಿರಾರು ಜೀನುಗಳ ಸಣ್ಣ ಸಣ್ಣ ಪಾಲು ಇದೆ. ಆದ್ದರಿಂದ ಯಾವುದೇ ಒಂದು ಜೀನನ್ನು ತೋರಿಸಿ ಇದೇ ಅವನ ಹಣೆಬರಹ ಎನ್ನುವವರನ್ನು ನಂಬಬೇಕಾಗಿಲ್ಲ.

ವಿಧಿ ಮತ್ತು ಮನುಷ್ಯನ ಹೊಣೆಯ ಈ ಚರ್ಚೆ ಮುಸ್ಲಿಮ್ ಚಿಂತಕರಿಗೆ ಹೊಸದಲ್ಲ. ಮನುಷ್ಯ ಗಾಳಿಗೆ ಸಿಕ್ಕ ತರಗೆಲೆಯಂತೆ ಎಂದವರನ್ನು ಜಬ್ರಿಯಾ ಎಂದು ಕರೆದರು. ತನ್ನ ಕರ್ಮಕ್ಕೆ ಸಂಪೂರ್ಣ ತಾನೇ ಕರ್ತ ಎಂದವರನ್ನು ಕದರಿಯಾ ಎಂದರು. ಹೆಚ್ಚಿನ ವಿದ್ವಾಂಸರು ಇವೆರಡರ ನಡುವಿನ ದಾರಿ ಹಿಡಿದರು. ಇಮಾಮ್ ಗಝಾಲಿಯವರು ತಮ್ಮ ಇಹ್ಯಾ ಗ್ರಂಥದಲ್ಲಿ ಸ್ವಭಾವ ಬದಲಾಗದು ಎಂಬ ವಾದಕ್ಕೆ ಉತ್ತರಿಸುತ್ತಾ ಖರ್ಜೂರದ ಬೀಜದ ಉದಾಹರಣೆ ಕೊಡುತ್ತಾರೆ. ಬೀಜವು ಮರವಲ್ಲ, ಆದರೆ ಆರೈಕೆ ಸಿಕ್ಕರೆ ಮರವಾಗಬಲ್ಲದು. ಎಷ್ಟೇ ಆರೈಕೆ ಮಾಡಿದರೂ ಅದು ಸೇಬಿನ ಮರವಾಗದು ಎಂಬುದನ್ನೂ ಅವರು ಮರೆಮಾಚುವುದಿಲ್ಲ. ಸಿಟ್ಟಿನ ಮಗುವನ್ನು ಸಿಟ್ಟೇ ಇಲ್ಲದವನನ್ನಾಗಿ ಮಾಡಲಾಗದು. ಅದೇ ಸಿಟ್ಟನ್ನು ಅನ್ಯಾಯದ ವಿರುದ್ಧ ನಿಲ್ಲುವ ಧೈರ್ಯವಾಗಿ ಬೆಳೆಸಬಹುದು.

ಸಿರಿಯಾದಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ಕೇಳಿ ದ್ವಿತೀಯ ಖಲೀಫ ಹ. ಉಮರ್(ರ) ದಾರಿಮಧ್ಯದಿಂದಲೇ ಹಿಂದಿರುಗಿದ ಘಟನೆ ಪ್ರಸಿದ್ಧವಾಗಿದೆ. ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಹ. ಅಬೂ ಉಬೈದಾ(ರ) ಕೇಳಿದಾಗ, ಒಂದು ವಿಧಿಯಿಂದ ಅಲ್ಲಾಹನ ಇನ್ನೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರ ಕೊಟ್ಟರು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಎಂದು ವಿವರಿಸಿದರು. ಜೀನ್ ಒಂದು ವಿಧಿಯಾದರೆ ತಾಯಿಯ ಮಡಿಲೂ ಒಂದು ವಿಧಿ. ಮರಿಯನ್ನು ಕಣಿವೆಯ ಯಾವ ಬದಿಗೆ ಕೊಂಡೊಯ್ಯಬೇಕೆಂಬುದು ಕುರುಬನ ಕೈಯಲ್ಲಿದೆ. ಅದರ ಬಗ್ಗೆ ಅವನನ್ನು ಪ್ರಶ್ನಿಸಲಾಗುವುದು.

ಹಾಗಾದರೆ ಎಲ್ಲ ಹೊಣೆಯೂ ತಾಯಿಯದೇ? ಹೀಗೆ ಹೇಳುವುದು ಸುಲಭ, ಹಲವು ಮನೆಗಳಲ್ಲಿ ಹೇಳುತ್ತಲೂ ಇರುತ್ತಾರೆ. ಮಗ ಕೆಟ್ಟರೆ ತಾಯಿ ಸರಿಯಾಗಿ ಸಾಕಲಿಲ್ಲ ಎನ್ನುತ್ತಾರೆ. ಇದಕ್ಕೂ ಕೋತಿಗಳ ಲೋಕದಿಂದಲೇ ಉತ್ತರವಿದೆ. ನಮ್ಮ ದಕ್ಷಿಣ ಭಾರತದ್ದೇ ಆದ ಒಂದು ಕೋತಿಯಿದೆ. ಘಾಟಿ ರಸ್ತೆಗಳ ಬದಿಯಲ್ಲಿ ಕೂತು ಪ್ರಯಾಣಿಕರ ಕೈಯ ಬಾಳೆಹಣ್ಣಿಗೆ ಹೊಂಚು ಹಾಕುವ, ತಲೆಯ ಮೇಲೆ ಟೋಪಿಯಿಟ್ಟಂತೆ ಕೂದಲಿರುವ ಕೋತಿ. ನ್ಯೂಯಾರ್ಕಿನಲ್ಲಿ ಲಿಯೊನಾರ್ಡ್ ರೋಸೆನ್‌ಬ್ಲಮ್ ಎಂಬ ಸಂಶೋಧಕರು ಈ ಜಾತಿಯ ತಾಯಂದಿರನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 1984ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಹಾರ ಸದಾ ಸುಲಭವಾಗಿ ಸಿಗುತ್ತಿತ್ತು. ಎರಡನೆಯದಕ್ಕೆ ಸದಾ ಹುಡುಕಿ ತೆಗೆಯಬೇಕಾಗಿತ್ತು. ಮೂರನೆಯದಕ್ಕೆ ಕೆಲವು ಕಾಲ ಸುಲಭ, ಕೆಲವು ಕಾಲ ಕಷ್ಟ, ಯಾವಾಗ ಏನೆಂದು ಗೊತ್ತಿಲ್ಲ. ಮರಿಗಳು ಹೆಚ್ಚು ಕಂಗೆಟ್ಟಿದ್ದು ಮೂರನೆಯ ಗುಂಪಿನಲ್ಲಿ. ದುಡಿದು ತಿನ್ನುವ ಕಷ್ಟ ತಾಯಿಯನ್ನು ಅಷ್ಟಾಗಿ ಬಾಧಿಸಲಿಲ್ಲ. ನಾಳೆ ಏನೋ ಎಂಬ ಅನಿಶ್ಚಿತತೆ ಅವಳನ್ನು ಹಿಂಡಿತು, ಅವಳ ಮೂಲಕ ಮರಿಯನ್ನು ಹಿಂಡಿತು. ಆ ತಾಯಂದಿರಿಗೆ ಮರಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಪ್ರೀತಿ ತೋರಲು ಬೇಕಾದ ನೆಮ್ಮದಿ ಇರಲಿಲ್ಲ.

ಸಮಾಜದ ಮೇಲು ಕೀಳೂ ಮೈಗೆ ಇಳಿಯುತ್ತದೆ. 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 45 ಹೆಣ್ಣು ರೀಸಸ್ ಕೋತಿಗಳನ್ನು ಹೊಸ ಗುಂಪುಗಳಲ್ಲಿಟ್ಟು, ಆಮೇಲೆ ಗುಂಪುಗಳನ್ನು ಬದಲಿಸಿ ಅವುಗಳ ಶ್ರೇಣಿಯನ್ನೂ ಬದಲಿಸಲಾಯಿತು. ರೋಗನಿರೋಧಕ ಕೋಶಗಳಲ್ಲಿ ಜೀನುಗಳು ಕೆಲಸ ಮಾಡುವ ರೀತಿ ಶ್ರೇಣಿಗೆ ತಕ್ಕಂತೆ ಬೇರೆಯಾಗಿತ್ತು. ಶ್ರೇಣಿ ಬದಲಾದಾಗ ಅದೂ ಬದಲಾಯಿತು. ಕೆಳಗಿನವರ ಅನಾರೋಗ್ಯಕ್ಕೆ ಅವರ ಹುಟ್ಟೇ ಕಾರಣವೆನ್ನುವವರು ಇದನ್ನು ಗಮನಿಸಬೇಕು. ಅವಮಾನದಲ್ಲಿ ಬದುಕುವ ಜೀವದ ರಕ್ತದಲ್ಲೂ ಅವಮಾನದ ಗುರುತು ಇರುತ್ತದೆ. ಗೌರವದ ಜಾಗ ಸಿಕ್ಕಾಗ ಆ ಗುರುತು ಮಾಸಲೂಬಲ್ಲದು.

ಇನ್ನು ಆರಂಭದಲ್ಲಿ ಹೇಳಿದ ಆ ಇನ್ನೊಂದು ಪ್ರಶ್ನೆಗೆ ಬರೋಣ. ತಾಯಿಯ ಮಡಿಲು ಎಷ್ಟು ದೊಡ್ಡದೆಂಬುದನ್ನು ಈ ವಿಜ್ಞಾನ ಕಲಿತದ್ದು ಮರಿಗಳನ್ನು ಆ ಮಡಿಲಿನಿಂದ ಕಿತ್ತುಕೊಂಡು. ಅಬೂದಾವೂದ್ ಹದೀಸ್ ಗ್ರಂಥದಲ್ಲಿ ಒಂದು ಪ್ರಸಂಗವಿದೆ. ಪ್ರಯಾಣವೊಂದರಲ್ಲಿ ಕೆಲವು ಅನುಚರರು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ಬಂದು ರೆಕ್ಕೆ ಬಡಿಯುತ್ತಾ ಒದ್ದಾಡಿತು. ಅದನ್ನು ಕಂಡ ಪ್ರವಾದಿವರ್ಯರು(ಸ), ಮರಿಗಳನ್ನು ತೆಗೆದು ಇದನ್ನು ನೋಯಿಸಿದವರು ಯಾರೆಂದು ವಿಚಾರಿಸಿ, ಅವುಗಳನ್ನು ತಾಯಿಗೆ ಮರಳಿಸುವಂತೆ ಆಜ್ಞಾಪಿಸಿದರು. ಹಕ್ಕಿಗೂ ತಾಯ್ತನದ ನೋವಿದೆಯೆಂದು ತಿಳಿಯಲು ಅಲ್ಲಿ ಯಾವ ಪ್ರಯೋಗವೂ ಬೇಕಾಗಲಿಲ್ಲ.

ಪ್ರಯೋಗಗಳ ಪರವಾಗಿ ಹೇಳುವವರ ಮಾತಿನಲ್ಲೂ ತಥ್ಯವಿದೆ. ನಮ್ಮ ಮಕ್ಕಳ ಬಾಯಿಗೆ ಹಾಕಿಸಿದ ಪೋಲಿಯೊ ಹನಿಯ ಹಿಂದೆಯೂ ಕೋತಿಗಳ ಜೀವ ಇದೆ. ಅದರ ಫಲ ಉಂಡವರು ಇಂದು ಕೈತೊಳೆದುಕೊಂಡು ನಿಲ್ಲುವುದು ಸರಿಯಲ್ಲ. ಆದರೆ ಜೀವ ಉಳಿಸಲು ಬೇರೆ ದಾರಿಯಿಲ್ಲದಾಗ ತೆಗೆದುಕೊಳ್ಳುವ ಜೀವ ಬೇರೆ, ಗೊತ್ತಿರುವುದನ್ನೇ ಮತ್ತೆ ಮತ್ತೆ ಸಾಬೀತುಪಡಿಸಲು ಕೊಡುವ ನೋವು ಬೇರೆ. ಪ್ರಾಣಿಗಳ ಹಕ್ಕಿನ ಪರವಾದ ಸಂಘಟನೆಗಳ ವಿರೋಧದ ನಡುವೆ, ಮೇರಿಲ್ಯಾಂಡಿನ ಪೂಲ್ಸ್‌ವಿಲ್‌ನಲ್ಲಿ ಸುವೊಮಿಯವರ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದ ಕೋತಿಗಳ ಸಂಶೋಧನೆಯನ್ನು ಹಂತ ಹಂತವಾಗಿ ನಿಲ್ಲಿಸುವುದಾಗಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2015ರ ಡಿಸೆಂಬರ್‌ನಲ್ಲಿ ತಿಳಿಸಿತು. ಆ ಮರಿಗಳ ಋಣ ಮಾತ್ರ ಅಷ್ಟಕ್ಕೇ ತೀರಲಿಲ್ಲ. ಅವುಗಳ ನೋವಿನಿಂದ ಕಲಿತ ಪಾಠವನ್ನು ನಮ್ಮ ಮಕ್ಕಳ ವಿಷಯದಲ್ಲಿ ಪಾಲಿಸದಿದ್ದರೆ ಆ ನೋವು ನಿಜವಾಗಿಯೂ ವ್ಯರ್ಥ.

ಮನುಷ್ಯರ ಮಕ್ಕಳಲ್ಲೂ ಈ ಪಾಠ ಸುಳ್ಳಾಗಿಲ್ಲ. ರೊಮಾನಿಯಾದಲ್ಲಿ 1989ರಲ್ಲಿ ಚೌಷೆಸ್ಕು ಆಡಳಿತ ಬಿದ್ದಾಗ ಅಲ್ಲಿನ ಅನಾಥಾಲಯಗಳಲ್ಲಿ ಸಾವಿರಾರು ಮಕ್ಕಳು ಎತ್ತಿಕೊಳ್ಳುವವರಿಲ್ಲದೆ ಮಲಗಿದ್ದರು. ಬುಕಾರೆಸ್ಟಿನಲ್ಲಿ ಅಂಥ 136 ಮಕ್ಕಳ ಮೇಲೆ ಈ ಶತಮಾನದ ಆರಂಭದಲ್ಲಿ ಒಂದು ಅಧ್ಯಯನ ಶುರುವಾಯಿತು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕಳುಹಿಸಲಾಯಿತು. ಸಾಕುಮನೆಗೆ ಹೋದವರ ಬುದ್ಧಿಶಕ್ತಿ ಹೆಚ್ಚು ಚೇತರಿಸಿತೆಂದು 2007ರಲ್ಲಿ ವರದಿಯಾಯಿತು. ಬೇಗ ಹೋದವರಿಗೆ ಲಾಭ ಇನ್ನೂ ಹೆಚ್ಚು. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊನೆಯ ಆಯ್ಕೆಯಾಗಬೇಕೆನ್ನುತ್ತದೆ. ಸಾಕುಮನೆ ಮತ್ತು ಪ್ರಾಯೋಜಕತ್ವಕ್ಕೆ ಅದರಲ್ಲಿ ಅವಕಾಶವಿದೆ.

ಮುಸ್ಲಿಮರಿಗೆ ಈ ಪಾಠ ಪರದೇಶದಿಂದ ಬರಬೇಕಾಗಿರಲಿಲ್ಲ. ಪ್ರವಾದಿ ಮುಹಮ್ಮದ್(ಸ) ಹುಟ್ಟುವ ಮೊದಲೇ ತಂದೆಯನ್ನು ಕಳಕೊಂಡವರು. ಸಾಕುತಾಯಿ ಹಲೀಮಾರ ಮಡಿಲಲ್ಲಿ ಬೆಳೆದವರು. ಆರರ ಪ್ರಾಯದಲ್ಲಿ ತಾಯಿ, ಎಂಟರ ಪ್ರಾಯದಲ್ಲಿ ಅಜ್ಜ ತೀರಿಕೊಂಡಾಗ ದೊಡ್ಡಪ್ಪ ಅಬೂತಾಲಿಬ್ ಮನೆಗೆ ಕರಕೊಂಡು ಹೋದರು. ಒಂದು ಮಡಿಲು ತಪ್ಪಿದಾಗ ಇನ್ನೊಂದು ಮಡಿಲು ಸಿಗುತ್ತಲೇ ಹೋಯಿತು. ಅನಾಥನನ್ನು ದಬ್ಬಬಾರದೆಂದು ಕುರ್‌ಆನ್ ಆಜ್ಞಾಪಿಸುವುದು ಇಂಥ ಬಾಳನ್ನು ನೆನಪಿಸಿಯೇ. ನಮ್ಮ ಜಮಾಅತ್‌ಗಳು ಯತೀಮ್‌ಖಾನಾ ಕಟ್ಟುವುದರಲ್ಲಿ ಹಿಂದೆ ಬಿದ್ದಿಲ್ಲ. ಅನ್ನ, ಬಟ್ಟೆ, ಪಾಠಕ್ಕೆ ಕೊರತೆಯಿಲ್ಲ. ಆದರೆ ತಂತಿಯ ಬೊಂಬೆಯಲ್ಲೂ ಹಾಲಿತ್ತು ಎಂಬುದನ್ನು ಮರೆಯಬಾರದು. ವಿಧವೆ ತಾಯಿಗೆ ತಿಂಗಳು ತಿಂಗಳು ತಪ್ಪದೆ ತಲಪುವ ಒಂದು ಮೊತ್ತ ಮಗುವನ್ನು ಅವಳ ಬಳಿಯೇ ಉಳಿಸುವುದಾದರೆ, ಹೊಸ ಕಟ್ಟಡಕ್ಕಿಂತ ಅದು ಮೇಲಲ್ಲವೇ? ರಂಝಾನಿನಲ್ಲಿ ಒಮ್ಮೆಲೇ ಕೈತುಂಬ, ಉಳಿದ ತಿಂಗಳು ಏನೂ ಇಲ್ಲ ಎಂಬ ರೀತಿಯ ದಾನ ಆ ಮೂರನೆಯ ಗುಂಪಿನ ತಾಯಿಯ ಸ್ಥಿತಿಯನ್ನು ನೆನಪಿಸುವುದಿಲ್ಲವೇ?

ಇಷ್ಟೆಲ್ಲ ಹೇಳಿದಾಗ ಒಂದು ಆಕ್ಷೇಪ ಬರುತ್ತದೆ. ಹಾಗಾದರೆ ತಪ್ಪು ಮಾಡಿದವನಿಗೆ ಹೊಣೆಯೇ ಇಲ್ಲವೇ? ಬಾಲ್ಯ ಕೆಟ್ಟದಿತ್ತು ಎಂದು ಹೆಂಡತಿಗೆ ಹೊಡೆಯುವವನನ್ನು ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಹೊಡೆತ ತಿಂದವಳ ನೋವು ಹೊಡೆದವನ ಬಾಲ್ಯದಿಂದ ಕಡಿಮೆಯಾಗುವುದಿಲ್ಲ. ಮನುಷ್ಯ ಕೋತಿಯಲ್ಲ. ತನ್ನ ಸ್ವಭಾವವನ್ನು ತಾನೇ ಕಂಡು, ನಾಚಿಕೊಂಡು, ತಿದ್ದಿಕೊಳ್ಳುವ ಶಕ್ತಿ ಅವನಿಗಿದೆ. ಕೃತ್ಯಕ್ಕೆ ಕಾನೂನು ಉತ್ತರ ಕೇಳಲೇಬೇಕು. ಆದರೆ ಕೃತ್ಯದ ವಿಚಾರಣೆ ಬೇರೆ, ಮನುಷ್ಯನ ಬೆಲೆ ಕಟ್ಟುವುದು ಬೇರೆ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಹೊರೆ ಹೊರಿಸುವುದಿಲ್ಲ ಎಂಬುದು ನಮ್ಮ ನಂಬಿಕೆ. ಪ್ರತಿಯೊಬ್ಬರ ಸಾಮರ್ಥ್ಯ ಬೇರೆ ಬೇರೆ, ಅದರ ಅಳತೆ ಅವನಿಗೆ ಮಾತ್ರ ಗೊತ್ತು ಎಂಬುದೂ ಅದರೊಳಗೆ ಅಡಗಿದೆ. ಶಾಂತ ಸ್ವಭಾವದಿಂದ ಹುಟ್ಟಿ, ಅಕ್ಕರೆಯಲ್ಲಿ ಬೆಳೆದವನ ಸಹನೆಗೆ ಅಷ್ಟೇನೂ ಬೆಲೆ ತೆರಬೇಕಾಗಿ ಬರುವುದಿಲ್ಲ. ಸಿಡುಕನಾಗಿ ಹುಟ್ಟಿ, ಏಟು ತಿಂದು ಬೆಳೆದವನು ಎತ್ತಿದ ಕೈಯನ್ನು ಒಮ್ಮೆ ಇಳಿಸಿದರೆ ಅದರ ತೂಕ ಎಷ್ಟೆಂದು ನಾವು ಹೇಗೆ ಅಳೆಯೋಣ?

ಶಾಲೆಯಲ್ಲಿ, ಮದ್ರಸದಲ್ಲಿ, ಮನೆಯಲ್ಲಿ ಕೆಲವು ಮಕ್ಕಳು ಉಳಿದವರಿಗಿಂತ ಬೇಗ ಅಳುತ್ತಾರೆ, ಬೇಗ ಸಿಡಿಯುತ್ತಾರೆ, ಬೇಗ ಮುದುಡುತ್ತಾರೆ. ಅವರಿಗೆ ಉಳಿದವರಿಗಿಂತ ಹೆಚ್ಚು ಬೈಗುಳ ಬೀಳುವುದೇ ವಾಡಿಕೆ. ನಿಜವಾಗಿ ಹೆಚ್ಚು ಅಕ್ಕರೆ ಬೇಕಾದವರು ಅವರೇ, ಅದರಿಂದ ಹೆಚ್ಚು ಫಲ ಪಡೆಯುವವರೂ ಅವರೇ ಇರಬಹುದು. ಅಂಥ ಮಗುವಿನ ಮುಂದೆ ಹುಟ್ಟುಗುಣದ ಗಾದೆ ನಾಲಗೆಗೆ ಬಂದಾಗ ಒಂದು ಕ್ಷಣ ತಡೆಯೋಣ. ಆ ಗುಣದಲ್ಲಿ ಹುಟ್ಟಿನ ಪಾಲು ಎಷ್ಟೋ, ಅದನ್ನು ಯಾರೂ ಬದಲಿಸಲಾರರು. ಉಳಿದ ಪಾಲು ನಮ್ಮದು, ಅದರ ಲೆಕ್ಕ ಕೊಡಬೇಕಾದವರೂ ನಾವೇ.